ಒಂದೇ ದಿನ, ಒಂಬತ್ತು ಜೋಡಿ: ಚಿತ್ರಕಥೆ ಎಲ್ಲಿ ಸಡಿಲವಾಗುತ್ತದೆ?

ಪ್ರಶ್ನೆ: ಪ್ರೇಮಿಗಳ ದಿನದಂದು ಬೆಳಗಿನಿಂದ ನಡುರಾತ್ರಿಯವರೆಗೆ ನಡೆಯುವ ಹಗುರವಾದ ಲವ್ ಕಾಮಿಡಿಯೊಂದರ ಚಿತ್ರಕಥೆ ಬರೆದಿದ್ದೇನೆ. ಒಂಬತ್ತು ಟ್ರ್ಯಾಕ್, ಅಂದರೆ ಬೇರೆಬೇರೆ ಕಥೆಯ ಎಳೆಗಳು, ಇವೆ. ಹೂವಿನ ಅಂಗಡಿಯವಳು ಮತ್ತು ಅಲ್ಲಿ ಡೆಲಿವರಿ ಮಾಡುವವನು. ಉಂಗುರ ಹಿಡಿದು ಮದುವೆಗೆ ಕೇಳಲು ಹೊರಟವನು ಮತ್ತು ಅವನ ಗೆಳತಿ. ಆಫೀಸಿನಲ್ಲಿ ಪ್ರೇಮಿಗಳ ಹಾಗೆ ನಟಿಸುವ ಇಬ್ಬರು. ಬೇರೆಯಾಗಿ ವರ್ಷ ಕಳೆದ ಹಳೇ ಪ್ರೇಮಿಗಳು. ವಯಸ್ಸಾದ ಗಂಡ ಹೆಂಡತಿ. ಒಬ್ಬ ಟೀಚರ್ ಮತ್ತು ವಿದ್ಯಾರ್ಥಿಯ ತಂದೆ. ಆ ಹುಡುಗನ ಮೊದಲ ಪ್ರೀತಿ. ವಿಮಾನ ತಡವಾಗಿ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಇಬ್ಬರು ಅಪರಿಚಿತರು. ರೆಸ್ಟೋರೆಂಟಿನ ಶೆಫ್ ಮತ್ತು ಅವನ ಅಡುಗೆ ವಿಮರ್ಶಿಸಲು ಬಂದವಳು. ಒಟ್ಟು 171 ಪುಟ. ಓದಿದ ಮೂವರೂ ಹೇಳಿದ್ದು ಒಂದೇ: ಬಿಡಿ ಸೀನುಗಳು ಚೆನ್ನಾಗಿವೆ, 60ನೇ ಪುಟದ ನಂತರ ಯಾರು ಯಾರೆಂದು ಗೊಂದಲವಾಗುತ್ತದೆ, ಕೊನೆಯಲ್ಲಿ ಎಲ್ಲರೂ ಒಂದಾದರೂ ಮನಸ್ಸಿಗೆ ಏನೂ ಆಗುವುದಿಲ್ಲ. ಎಲ್ಲರಿಗೂ ಒಬ್ಬರಿಗೊಬ್ಬರ ಪರಿಚಯ ಇರುವ ಹಾಗೆ ಬರೆದರೂ ಕಥೆ ಅಂಟಿಕೊಳ್ಳುತ್ತಿಲ್ಲ. ಯಾವ ಜೋಡಿಯನ್ನು ತೆಗೆಯಲಿ?

ಉತ್ತರ:

ಯಾರನ್ನು ತೆಗೆಯಬೇಕು ಅನ್ನುವುದಕ್ಕೆ ಮೊದಲು ಓದುಗರು ಯಾಕೆ ಮರೆತರು ಅಂತ ನೋಡೋಣ. ಅದು ಬರೀ ಲೆಕ್ಕದ ಮಾತು. ಚಿತ್ರಕಥೆಯ ಒಂದು ಪುಟ ಸುಮಾರು ಒಂದು ನಿಮಿಷ. ನಿಮ್ಮ ಸೀನುಗಳು ಸರಾಸರಿ ಎರಡು ಪುಟದವು ಅಂದುಕೊಂಡರೆ, ಒಂದು ಟ್ರ್ಯಾಕ್ ತೆರೆಯಿಂದ ಹೋದ ಮೇಲೆ ಉಳಿದ ಎಂಟೂ ಒಂದು ಸುತ್ತು ಬರಲು 16 ನಿಮಿಷ ಬೇಕು. 16 ನಿಮಿಷದಲ್ಲಿ ಪ್ರೇಕ್ಷಕ ಬೇರೆ 16 ಜನರ ಮುಖ, ಸಿಟ್ಟು, ಆಸೆ ಎಲ್ಲವನ್ನೂ ನೋಡಿರುತ್ತಾನೆ. ಕಾದಂಬರಿಯಾದರೆ ಹಿಂದಿನ ಪುಟ ತಿರುವಬಹುದು, ಚಿತ್ರಮಂದಿರದಲ್ಲಿ ಕೂತವನಿಗೆ ಆ ಅವಕಾಶ ಇಲ್ಲ. ಮುಖ್ಯ ಟ್ರ್ಯಾಕು ಹತ್ತು ಪುಟಕ್ಕಿಂತ ಹೆಚ್ಚು, ಸಣ್ಣ ಟ್ರ್ಯಾಕು ಇಪ್ಪತ್ತು ಪುಟಕ್ಕಿಂತ ಹೆಚ್ಚು ಕಣ್ಮರೆಯಾಗಬಾರದು ಅನ್ನುವ ಅಳತೆ ಇಟ್ಟುಕೊಳ್ಳಿ. ಈ ಅಳತೆಯಲ್ಲಿ ಒಂಬತ್ತು ಟ್ರ್ಯಾಕ್ ಹಿಡಿಸುವುದೇ ಇಲ್ಲ. ಆರು ಹಿಡಿಸುತ್ತವೆ.

ಹಾಗಾದರೆ ದೊಡ್ಡ ಸಿನಿಮಾಗಳು ಇಷ್ಟೊಂದು ಜೋಡಿಗಳನ್ನು ಹೇಗೆ ನಿಭಾಯಿಸಿದವು ಅಂತ ಕೇಳಬಹುದು. ಗ್ಯಾರಿ ಮಾರ್ಷಲ್ ನಿರ್ದೇಶನದ 2010ರ ‘ವ್ಯಾಲೆಂಟೈನ್ಸ್ ಡೇ’ ನಿಮ್ಮ ಹಾಗೆಯೇ ಒಂದೇ ದಿನ, ಒಂದೇ ಊರು ಲಾಸ್ ಏಂಜಲೀಸ್ ಇಟ್ಟುಕೊಂಡು ಎರಡು ಗಂಟೆಯ ಆಸುಪಾಸಿನಲ್ಲಿ ಹತ್ತಾರು ಪಾತ್ರಗಳನ್ನು ಓಡಿಸುತ್ತದೆ. ಆದರೆ ಅಲ್ಲಿ ವಿಮಾನದಲ್ಲಿ ಕೂತಿರುವುದು ಜೂಲಿಯಾ ರಾಬರ್ಟ್ಸ್. ಅರ್ಧ ಗಂಟೆ ಕಾಣಿಸದಿದ್ದರೂ ಆಕೆ ಮತ್ತೆ ತೆರೆಗೆ ಬಂದಾಗ ಯಾರೂ ‘ಇವಳ್ಯಾರು’ ಅನ್ನುವುದಿಲ್ಲ. ಈ ಜಾತಿಯ ಸಿನಿಮಾಗಳಲ್ಲಿ ತಾರೆಯರ ಮುಖವೇ ಪಾತ್ರದ ಹೆಸರುಪಟ್ಟಿ. 1932ರ ‘ಗ್ರ್ಯಾಂಡ್ ಹೋಟೆಲ್’ನಿಂದ ಇದು ನಡೆದು ಬಂದಿದೆ: ಒಂದೇ ಹೋಟೆಲಿನ ಸೂರಿನಡಿ ಗ್ರೆಟಾ ಗಾರ್ಬೋ, ಜೋನ್ ಕ್ರಾಫರ್ಡ್, ಬ್ಯಾರಿಮೋರ್ ಸಹೋದರರನ್ನು ಕೂಡಿಹಾಕಿದ ಕೂಡಲೇ ಯಾರು ಯಾರೆಂಬ ಪ್ರಶ್ನೆ ಪ್ರೇಕ್ಷಕನಿಗೆ ಉಳಿಯಲಿಲ್ಲ. ನಿಮ್ಮ ಸ್ಕ್ರಿಪ್ಟ್ ಓದುವವರಿಗೆ ಆ ಮುಖಗಳಿಲ್ಲ, ಕಾಗದದ ಮೇಲೆ ಇರುವುದು ಹೆಸರು ಮಾತ್ರ. ತಾರೆಯರಿಲ್ಲದೆ ಬರೆಯುವವರು ಆ ಕೆಲಸವನ್ನು ಬರವಣಿಗೆಯಿಂದಲೇ ಮಾಡಬೇಕು. ಅದರ ಬಗೆ ಮುಂದೆ ಹೇಳುತ್ತೇನೆ.

ಈಗ ಯಾರನ್ನು ತೆಗೆಯುವುದು. ‘ಯಾವ ಜೋಡಿ ಕಡಿಮೆ ಚೆಂದ’ ಅಂತ ನೋಡಿದರೆ ಉತ್ತರ ಸಿಗುವುದಿಲ್ಲ, ಎಲ್ಲರೂ ನೀವೇ ಸಾಕಿದವರು. ಬೇರೆ ಪ್ರಶ್ನೆ ಕೇಳಿ: ಈ ಮಾತನ್ನು ಇವರು ನಾಳೆ ಆಡಿಕೊಂಡರೆ ಏನು ಕೆಡುತ್ತದೆ? ಹಬ್ಬದ ದಿನದ ಸಿನಿಮಾಕ್ಕೆ ಇರುವ ಒಂದೇ ಒಂದು ದೊಡ್ಡ ಶಕ್ತಿ ಗಡುವು. ವರ್ಷದ ಉಳಿದ ದಿನ ಜನ ಪ್ರೀತಿಯ ಮಾತನ್ನು ಮುಂದೂಡುತ್ತಲೇ ಇರುತ್ತಾರೆ. ಫೆಬ್ರವರಿ 14ರಂದು ಪಕ್ಕದ ಮೇಜಿಗೆ ಹೂ ಬರುತ್ತದೆ, ನಿಮ್ಮ ಮೇಜಿಗೆ ಬರುವುದಿಲ್ಲ. ತಿಂಗಳ ಹಿಂದೆ ಇಬ್ಬರಿಗೆಂದು ಕಾದಿರಿಸಿದ ಟೇಬಲ್ಲಿಗೆ ಒಬ್ಬರೇ ಹೋಗಬೇಕಾಗುತ್ತದೆ. ಏನೂ ಹೇಳದೆ ಸುಮ್ಮನಿದ್ದರೆ ಆ ಮೌನವೇ ಒಂದು ಉತ್ತರವಾಗಿಬಿಡುತ್ತದೆ. ಈ ಒತ್ತಡ ಯಾವ ಟ್ರ್ಯಾಕಿಗೆ ತಟ್ಟುತ್ತದೋ ಅದು ನಿಮ್ಮ ಸಿನಿಮಾದ್ದು. ತಟ್ಟದಿದ್ದರೆ ಅದು ಎಷ್ಟೇ ಚೆನ್ನಾಗಿರಲಿ, ಬೇರೆ ಸಿನಿಮಾದ್ದು.

ನಿಮ್ಮ ಒಂಬತ್ತನ್ನು ಈ ಪ್ರಶ್ನೆಗೆ ಒಡ್ಡಿ ನೋಡಿ. ನಿಲ್ದಾಣದ ಅಪರಿಚಿತರಿಗೆ ಗಡುವು ಇದೆ ನಿಜ, ಆದರೆ ಅದು ವಿಮಾನದ ಗಡುವು. ಆಗಸ್ಟ್ ತಿಂಗಳ ಯಾವುದೋ ಮಂಗಳವಾರ ಇಟ್ಟರೂ ಒಂದು ಡೈಲಾಗ್ ಬದಲಾಗುವುದಿಲ್ಲ. ಆ ಟ್ರ್ಯಾಕನ್ನು ತೆಗೆದು ಜೋಪಾನವಾಗಿಡಿ, ಅದೊಂದು ಒಳ್ಳೆಯ ಕಿರುಚಿತ್ರ. ಶೆಫ್ ಮತ್ತು ವಿಮರ್ಶಕಿಯದೂ ಇದೇ ಕಥೆ, ಆದರೆ ಅಲ್ಲಿ ಶೆಫ್‌ನನ್ನು ಕಳೆದುಕೊಳ್ಳಬೇಕಿಲ್ಲ. ಟ್ರ್ಯಾಕ್ ತೆಗೆಯುವುದು ಬೇರೆ, ಪಾತ್ರ ತೆಗೆಯುವುದು ಬೇರೆ. ಅವನ ಪ್ರೇಮಕಥೆ ಕೈಬಿಡಿ, ಅವನ ರೆಸ್ಟೋರೆಂಟನ್ನು ಉಳಿದವರೆಲ್ಲ ಬಂದು ಹೋಗುವ ಜಾಗ ಮಾಡಿ. ಎರಡು ಒಳ್ಳೆಯ ಡೈಲಾಗ್ ಇರುವ ಶೆಫ್ ಆಗಿ ಅವನು ಇನ್ನೂ ಚೆನ್ನಾಗಿ ನೆನಪಿರುತ್ತಾನೆ. ಹಳೇ ಪ್ರೇಮಿಗಳನ್ನು ನಟಿಸುವ ಜೋಡಿಯೊಳಕ್ಕೆ ಕರಗಿಸಿ: ಇವರಿಬ್ಬರು ಪ್ರೇಮಿಗಳ ಹಾಗೆ ನಟಿಸುತ್ತಿರುವುದು ಯಾರ ಕಣ್ಣಿಗೋಸ್ಕರ? ಆ ಹಳೇ ಪ್ರೇಮಿ ಅದೇ ಆಫೀಸಿನಲ್ಲಿದ್ದರೆ ಎರಡು ಅರೆಬರೆ ಟ್ರ್ಯಾಕ್ ಸೇರಿ ಒಂದು ಗಟ್ಟಿ ಟ್ರ್ಯಾಕ್ ಆಗುತ್ತದೆ. ಒಂಬತ್ತು ಹೀಗೆ ಆರಾಯಿತು.

ಆರಕ್ಕೂ ಸಮಪಾಲು ಹಂಚಬೇಡಿ. ಸಮಪಾಲು ಹಂಚಿದರೆ ಯಾರದೂ ಮುಖ್ಯ ಅನಿಸುವುದಿಲ್ಲ. 110 ಪುಟ ಇಟ್ಟುಕೊಂಡು ಹೀಗೆ ಹಂಚಿ: ಹೂವಿನಂಗಡಿ, ಉಂಗುರ, ಆಫೀಸು, ಈ ಮೂರಕ್ಕೆ ತಲಾ 22 ಪುಟ, ವಯಸ್ಸಾದ ದಂಪತಿಗೆ ಮತ್ತು ಟೀಚರ್–ತಂದೆಗೆ ತಲಾ 11, ಹುಡುಗನಿಗೆ 7, ಎರಡು ಮೂರು ಟ್ರ್ಯಾಕ್ ಒಂದೇ ಕಡೆ ಸೇರುವ ಸೀನುಗಳಿಗೆ 15. ಸೀನಿನ ಲೆಕ್ಕದಲ್ಲಿ ದೊಡ್ಡ ಟ್ರ್ಯಾಕಿಗೆ 12–14, ನಡುವಿನವಕ್ಕೆ 7–8, ಹುಡುಗನಿಗೆ ಐದು, ಕೂಡುವ ಸೀನು ಆರು. ಒಟ್ಟು 65ರ ಆಸುಪಾಸು. 171ರಿಂದ 110ಕ್ಕೆ ಇಳಿಸುವುದು ಕ್ರೂರ ಅನಿಸಬಹುದು. ಆದರೆ ಹಗುರವಾದ ಸಿನಿಮಾ ಉದ್ದವಾದಷ್ಟೂ ಭಾರವಾಗುತ್ತದೆ, ನಗು ಹೊತ್ತುಕೊಂಡು ಹೋಗುವ ದೂರಕ್ಕೆ ಒಂದು ಮಿತಿ ಇದೆ.

ಅಂಟಿಕೊಳ್ಳುತ್ತಿಲ್ಲ ಅಂದಿರಲ್ಲ, ಅಲ್ಲಿಗೆ ಬರುತ್ತೇನೆ. ಪರಿಚಯ ಕಥೆಯನ್ನು ಅಂಟಿಸುವುದಿಲ್ಲ. ‘ಇವಳು ಅವನ ತಂಗಿಯ ರೂಮ್‌ಮೇಟ್’ ಅಂತ 80ನೇ ಪುಟದಲ್ಲಿ ಗೊತ್ತಾದರೆ ಪ್ರೇಕ್ಷಕ ‘ಓ ಹೌದಾ’ ಅಂತಾನೆ, ಅಷ್ಟೇ. ಒಬ್ಬರು ಮಾಡಿದ್ದರಿಂದ ಇನ್ನೊಬ್ಬರ ದಿನ ಬದಲಾದಾಗ ಮಾತ್ರ ಎರಡು ಟ್ರ್ಯಾಕ್ ಹೆಣೆದುಕೊಳ್ಳುತ್ತವೆ. ಪರೀಕ್ಷೆ ಸುಲಭ: ನಿಮ್ಮ ಒನ್‌ಲೈನಿನಲ್ಲಿ (ಸೀನಿಗೊಂದು ಸಾಲಿನಂತೆ ಬರೆದ ಪಟ್ಟಿ) ಒಂದು ಸೀನಿಗೂ ಅದರ ಮುಂದಿನದಕ್ಕೂ ನಡುವೆ ಯಾವ ಪದ ಬರುತ್ತದೆ ನೋಡಿ. ‘ಅಷ್ಟರಲ್ಲಿ’ ಅಂತ ಬಂದರೆ ಅವೆರಡು ಪಕ್ಕಪಕ್ಕ ಕೂತಿವೆ. ‘ಅದರಿಂದ’ ಅಂತ ಬಂದರೆ ಹೆಣೆದಿವೆ. ಆರು ಟ್ರ್ಯಾಕಿಗೆ ಕನಿಷ್ಠ ನಾಲ್ಕು ‘ಅದರಿಂದ’ ಬೇಕು.

ನಂಟು ದುರ್ಬಲವಾದರೆ ಏನಾಗುತ್ತದೆ ಎಂಬುದಕ್ಕೆ 2003ರ ‘ಲವ್ ಆಕ್ಚುಯಲಿ’ ನೋಡಿ. ಅಲ್ಲಿ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಮತ್ತು ಅವಳ ಸಂಗಾತಿಯ ಕಥೆಯನ್ನು ಚಿತ್ರೀಕರಿಸಿ, ಎಡಿಟಿಂಗಿನಲ್ಲಿ ಪೂರ್ತಿ ತೆಗೆದರು. ಉಳಿದ ಸಿನಿಮಾದಲ್ಲಿ ಒಂದು ತೂತೂ ಕಾಣುವುದಿಲ್ಲ. ಎಳೆದರೆ ಸಲೀಸಾಗಿ ಬರುವ ದಾರ ನೇಯ್ಗೆಯೊಳಗೆ ಇರಲೇ ಇಲ್ಲ ಅಂತ ಅರ್ಥ. ಅದನ್ನು ಕಾಗದದ ಮೇಲೆಯೇ ಕಂಡುಕೊಂಡರೆ ನಟರ ಕಾಲ್‌ಶೀಟೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಹೆಣಿಗೆಯ ಪಾಠಕ್ಕೆ ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಮದುವೆಯ ಸಡಗರ ಹಿನ್ನೆಲೆ, ಕಾಡಿನಲ್ಲಿ ನಾಲ್ವರು ಪ್ರೇಮಿಗಳು, ಯಕ್ಷಲೋಕದ ರಾಜ ರಾಣಿ, ನಾಟಕದ ರಿಹರ್ಸಲ್‌ಗೆ ಬಂದ ಕಸುಬುದಾರರು. ಇಷ್ಟನ್ನೂ ಹಿಡಿದಿಟ್ಟಿರುವುದು ಪ್ರೀತಿ ಹುಟ್ಟಿಸುವ ಒಂದು ಹೂವಿನ ರಸ ಮತ್ತು ಒಂದು ತಪ್ಪು. ಅಥೆನ್ಸಿನ ಉಡುಪಿನವನ ಕಣ್ಣಿಗೆ ರಸ ಹಚ್ಚು ಅಂತ ಯಕ್ಷರಾಜ ಒಬೆರಾನ್ ಹೇಳುತ್ತಾನೆ, ಅವನ ಸೇವಕ ಪಕ್ ಆ ಉಡುಪು ನೋಡಿ ಬೇರೆಯವನ ಕಣ್ಣಿಗೆ ಹಚ್ಚುತ್ತಾನೆ. ಅದೇ ರಸ ರಾಣಿಯನ್ನು ಕತ್ತೆತಲೆಯ ನೇಕಾರನಿಗೆ ಮರುಳಾಗಿಸುತ್ತದೆ. ಗಮನಿಸಬೇಕಾದ್ದು, ಆ ತಪ್ಪು ಬರೀ ಕಾಕತಾಳೀಯ ಅಲ್ಲ. ಪಕ್ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದಾನೆ, ಅದಕ್ಕೇ ನಗು ಬರುತ್ತದೆ.

ನಿಮ್ಮ ಕೈಯಲ್ಲೂ ಹೂವೇ ಇದೆ, ಅದನ್ನೇ ಬಳಸಿ. ಈಗ ನಿಮ್ಮ ಹೂವಿನಂಗಡಿಯವಳಿಗೆ ಎಲ್ಲರೂ ‘ಪರಿಚಯದ ಗಿರಾಕಿ’ಗಳು. ಅದರ ಬದಲು ಒಂದು ತಪ್ಪನ್ನು ಅವಳ ಕೈಯಿಂದಲೇ ಮಾಡಿಸಿ. ಹೂಗುಚ್ಛಗಳು ಸರದಿಯಂತೆ ಹೊರಡುತ್ತವೆ, ಒಂದೊಂದು ಸರದಿಗೆ ಹನ್ನೆರಡು. ಪ್ರತಿಯೊಂದಕ್ಕೂ ಗುಂಡನೆಯ ಸ್ಟಿಕರ್, ಅದರ ಮೇಲೆ ನಂಬರ್, ಅದೇ ನಂಬರು ಪಟ್ಟಿಯಲ್ಲಿ ವಿಳಾಸದ ಎದುರು. 8ನೇ ಪುಟದಲ್ಲಿ ಮೊದಲ ಸರದಿ ತೋರಿಸುವಾಗ ಅವಳು 6 ಬರೆದು ಕೆಳಗೊಂದು ಗೆರೆ ಎಳೆಯುವುದು ಕ್ಲೋಸಪ್ಪಿನಲ್ಲಿ ಕಾಣಲಿ. ಯಾಕೆ ಅಂತ ಯಾರೂ ವಿವರಿಸಬಾರದು. ಎರಡನೇ ಸರದಿಯ ಸೀನು ಹೀಗೆ ಬರಲಿ:

ಒಳಾಂಗಣ. ಹೂವಿನ ಅಂಗಡಿ. ಬೆಳಿಗ್ಗೆ 9.10

ಅವಳು ಸ್ಟಿಕರ್ ಬರೆಯುತ್ತಿದ್ದಾಳೆ. 4. 5. ಡೆಲಿವರಿಯವನು ಕಾರ್ಡೊಂದನ್ನು ಎತ್ತಿ ಓದುತ್ತಾನೆ.

ಅವನು: ‘ನೀನು ಇರೋ ಕಡೆ ನನಗೆ ಮಾತೇ ಹೊರಡಲ್ಲ.’ ಇದನ್ನ ಬರೆದವನು ಯಾರು?

ಅವಳು: (ತಲೆ ಎತ್ತದೆ) ಗಿರಾಕಿ.

ಅವನು: ಅಕ್ಷರ ನಿಮ್ಮದು.

ಅವಳು: ಎಲ್ಲಾ ಕಾರ್ಡೂ ನಾನೇ ಬರೆಯೋದು. ಫೋನಲ್ಲಿ ಹೇಳ್ತಾರೆ, ಬರೀತೀನಿ.

ಅವನು: ಇದನ್ನೂ ಫೋನಲ್ಲಿ ಹೇಳಿದ್ರಾ?

ಅವಳ ಪೆನ್ನು ನಿಲ್ಲುತ್ತದೆ. ಸ್ಟಿಕರಿನ ಮೇಲೆ 6. ಕೆಳಗೆ ಗೆರೆ ಇಲ್ಲ. ಅವಳು ಅದನ್ನು ಕಿತ್ತು ಹೂಗುಚ್ಛಕ್ಕೆ ಅಂಟಿಸುತ್ತಾಳೆ.

ಅವಳು: ಹೊರಡಿ, ತಡವಾಯ್ತು.

ಇಲ್ಲಿ ನಡೆದಿರುವುದು ಎರಡು ಕೆಲಸ. ಅವಳ ಪ್ರೀತಿ ಬಾಯಿಗೆ ಬರದೆ ಉಳಿಯಿತು, ಅದೇ ಗಳಿಗೆಯಲ್ಲಿ ಗೆರೆ ಬಿಟ್ಟುಹೋಯಿತು. ಸ್ಟಿಕರ್ ತಲೆಕೆಳಗಾದರೆ 6 ಅನ್ನುವುದು 9. ಉಂಗುರದವನು ಗೆಳತಿಗೆ ಕಳಿಸಿದ ಕಾರ್ಡು, ‘ಇವತ್ತು ಸಂಜೆಯೊಳಗೆ ನಿನ್ನ ಉತ್ತರ ಬೇಕು’, ವಯಸ್ಸಾದ ಹೆಂಡತಿಯ ಕೈಗೆ ಹೋಗುತ್ತದೆ. ಮುದುಕ ಪ್ರತಿವರ್ಷ ಬರೆಸುವ ಕಾರ್ಡು, ‘ಮಧ್ಯಾಹ್ನದ ಮಾತ್ರೆ ಮರೀಬೇಡ’, ಆ ಹುಡುಗಿಯ ಕೈಗೆ. ಹುಡುಗಿಗೆ ತಾನು ಯಾರಿಗೋ ರೋಗಿಯಾದೆನಾ ಅನ್ನುವ ಸಿಟ್ಟು. ಮುದುಕಿಗೆ ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಗಂಡ ಏನನ್ನೋ ಕೇಳುತ್ತಿದ್ದಾನೆ ಅನ್ನುವ ದಿಗಿಲು. ಒಂದು ಸ್ಟಿಕರಿನಿಂದ ಮೂರು ಟ್ರ್ಯಾಕ್ ಓಡತೊಡಗಿದವು, ಮೂರಕ್ಕೂ ‘ಅದರಿಂದ’ ಸಿಕ್ಕಿತು. ತಪ್ಪು ಎಲ್ಲಿ ಆಯಿತೆಂದು ಅವಳಿಗೆ ಗೊತ್ತಾಗುವುದು ಮಧ್ಯಾಹ್ನ ಮೂರಕ್ಕೆ, ಅಂದರೆ 60ನೇ ಪುಟದ ಹತ್ತಿರ. ನಿಮ್ಮ ಓದುಗರು ದಾರಿ ತಪ್ಪಿದ ಜಾಗ ಅದೇ.

ಕಾಕತಾಳೀಯವೇ ಇರಬಾರದು ಅಂತಲ್ಲ, ಒಂದು ಇರಲಿ. ಆದರೆ ಅದು ಪಾತ್ರಗಳನ್ನು ಕಷ್ಟಕ್ಕೆ ತಳ್ಳಬೇಕೇ ಹೊರತು ಕಷ್ಟದಿಂದ ಪಾರು ಮಾಡಬಾರದು. ಹುಡುಕುತ್ತಿದ್ದ ವ್ಯಕ್ತಿ ಕೊನೆಯಲ್ಲಿ ತಾನಾಗಿ ಎದುರಿಗೆ ಸಿಕ್ಕಿದರೆ ಪ್ರೇಕ್ಷಕ ಒಪ್ಪುವುದಿಲ್ಲ. ಬೇಡವಾದವನು ಅದೇ ಲಿಫ್ಟಿಗೆ ಹತ್ತಿದರೆ ಖುಷಿಯಾಗಿ ಒಪ್ಪುತ್ತಾನೆ.

ಇನ್ನು, ಕೊನೆಯಲ್ಲಿ ಏನೂ ಅನಿಸುವುದಿಲ್ಲ ಎಂಬ ದೂರು. ಇದಕ್ಕೆ ಎರಡು ಕಾರಣ ಕಾಣುತ್ತವೆ. ಮೊದಲನೆಯದು, ಆರೂ ಟ್ರ್ಯಾಕ್ ಒಂದೇ ಪ್ರಶ್ನೆಯನ್ನು ಕೇಳುತ್ತಿಲ್ಲ. ಮೇಲಿನ ಸೀನಿನಲ್ಲೇ ನಿಮ್ಮ ಸಿನಿಮಾದ ಪ್ರಶ್ನೆ ಅಡಗಿದೆ: ಬಾಯಿಬಿಟ್ಟು ಹೇಳದೆ ಪ್ರೀತಿ ತಲುಪುತ್ತದಾ? ಹೂವಿನಂಗಡಿಯವಳು ದಿನವಿಡೀ ಬೇರೆಯವರ ಮಾತು ಬರೆಯುತ್ತಾಳೆ, ತನ್ನದನ್ನು ಬರೆಯಲಾರಳು. ಮುದುಕ ಎಂದೂ ಹೇಳಿಲ್ಲ, ಆದರೆ ಮಾತ್ರೆಯ ನೆನಪು ತಪ್ಪಿಸಿಲ್ಲ. ಉಂಗುರದವನು ಅತಿಯಾಗಿ ಹೇಳುತ್ತಾನೆ, ಕೇಳಿಸಿಕೊಳ್ಳುವುದಿಲ್ಲ. ಆಫೀಸಿನವರು ಸುಳ್ಳೇ ಹೇಳಿ ಹೇಳಿ ನಿಜದ ಹತ್ತಿರ ಬರುತ್ತಾರೆ. ಹುಡುಗ ನೇರವಾಗಿ ಹೇಳಿಬಿಡುತ್ತಾನೆ, ‘ನನಗೆ ಬೇಡ’ ಅನ್ನುವ ಉತ್ತರ ಕೇಳಿ ಆಟಕ್ಕೆ ಓಡುತ್ತಾನೆ. ಟೀಚರ್–ತಂದೆಯ ಟ್ರ್ಯಾಕಿಗೂ ಅದರದೇ ಉತ್ತರ ಕೊಡಿ, ಆಗ ಒಂದು ಪ್ರಶ್ನೆಗೆ ಆರು ಉತ್ತರ. ಹೀಗಾದಾಗ ಒಂದು ಟ್ರ್ಯಾಕ್ ತೆರೆಯ ಮೇಲೆ ಇಲ್ಲದಾಗಲೂ ಅದರ ವಾದ ಮುಂದುವರಿಯುತ್ತಿರುತ್ತದೆ, ಮರೆವಿಗೂ ಇದೇ ಮದ್ದು.

ಎರಡನೆಯದು, ಎಲ್ಲರೂ ಒಂದಾಗುವುದು. ಆರರಲ್ಲಿ ಒಂದಾದರೂ ಕೂಡಬಾರದು. ‘ಲವ್ ಆಕ್ಚುಯಲಿ’ ನೋಡಿದವರನ್ನು ಕೇಳಿ, ತುಂಬಾ ಜನ ಮೊದಲು ನೆನಪಿಸಿಕೊಳ್ಳುವುದು ಗಂಡನ ಕೋಟಿನ ಜೇಬಿನಲ್ಲಿ ನೆಕ್ಲೇಸ್ ನೋಡಿ, ಅದು ತನಗಲ್ಲವೆಂದು ಆಮೇಲೆ ತಿಳಿದು ಒಳಗೊಳಗೇ ಕುಸಿಯುವ ಹೆಂಡತಿಯನ್ನು. ಆ ನೋವು ಇದ್ದುದರಿಂದಲೇ ಪಕ್ಕದ ನಗುಗಳಿಗೆ ಬೆಲೆ ಬಂತು. ನಿಮ್ಮಲ್ಲಿ ಉಂಗುರದ ಟ್ರ್ಯಾಕಿಗೆ ‘ಇಲ್ಲ’ ಸಿಗಲಿ ಅನ್ನುವುದು ನನ್ನ ಅಭಿಪ್ರಾಯ. ತುಂಬಿದ ರೆಸ್ಟೋರೆಂಟಿನಲ್ಲಿ ಮೊಣಕಾಲೂರಿ ಕೇಳುವ ಸೀನನ್ನು ನೀವು ಗೆಲುವಿನ ಹಾಗೆ ಬರೆದಿದ್ದರೆ ಮತ್ತೊಮ್ಮೆ ಯೋಚಿಸಿ. ಅಷ್ಟು ಜನ ಕಣ್ಣು ಬಿಟ್ಟು ನೋಡುತ್ತಿರುವಾಗ ಆ ಹುಡುಗಿಗೆ ಬೇಡ ಅನ್ನುವ ದಾರಿಯೇ ಇಲ್ಲ, ಇವತ್ತಿನ ಪ್ರೇಕ್ಷಕರಿಗೆ ಅದು ತಕ್ಷಣ ಕಾಣುತ್ತದೆ. ಅವಳು ಅಲ್ಲಿ ನಕ್ಕು ತಲೆಯಾಡಿಸಿ, ಹೊರಗೆ ಕಾರಿನ ಬಳಿ ನಿಧಾನವಾಗಿ ಬೇಡ ಅಂದರೆ ಇಬ್ಬರೂ ದೊಡ್ಡವರಾಗುತ್ತಾರೆ, ನಿಮ್ಮ ಸಿನಿಮಾಗೂ ಒಂದು ತೂಕ ಬರುತ್ತದೆ. ಆಫೀಸಿನ ಜೋಡಿಯಲ್ಲಿ ಒಬ್ಬರು ಇನ್ನೊಬ್ಬರ ಬಾಸ್ ಆಗಿದ್ದರೆ ಅದನ್ನೂ ಸಮಾನ ಹುದ್ದೆಗೆ ತನ್ನಿ. ಇಲ್ಲವಾದರೆ ಹುಡುಗಾಟ ಅನಿಸಬೇಕಾದ್ದು ಒತ್ತಡ ಅನಿಸುತ್ತದೆ.

ನಡುಭಾಗ ಜೋಲು ಬೀಳುವುದಕ್ಕೆ ಇನ್ನೊಂದು ಕಾರಣ ಇರುತ್ತದೆ, ಇಂಥ ಸ್ಕ್ರಿಪ್ಟುಗಳಲ್ಲಿ ಇದೇ ಅತಿ ಹೆಚ್ಚು ಕಾಣುವ ತಪ್ಪು. ಎಲ್ಲಾ ಟ್ರ್ಯಾಕುಗಳೂ ಒಂದೇ ಹೆಜ್ಜೆ ಹಾಕುತ್ತಿರುತ್ತವೆ. 20ನೇ ಪುಟಕ್ಕೆ ಎಲ್ಲರೂ ಭೇಟಿ, 50ಕ್ಕೆ ಎಲ್ಲರೂ ಹತ್ತಿರ, 75ಕ್ಕೆ ಎಲ್ಲರಿಗೂ ಜಗಳ, 105ಕ್ಕೆ ಎಲ್ಲರೂ ರಾಜಿ. ಸಾಲಾಗಿ ಆರು ಜಗಳ ನೋಡಿದರೆ ಮೂರನೆಯದಕ್ಕೇ ಕಿವಿ ಮುಚ್ಚುತ್ತದೆ. ಹೆಜ್ಜೆ ತಪ್ಪಿಸಿ. ಆಫೀಸಿನ ಟ್ರ್ಯಾಕು ಹಳೇ ಪ್ರೇಮದ ಮುರಿದ ತುದಿಯಿಂದಲೇ ಶುರುವಾಗಲಿ. ಮುದುಕರ ಜಗಳ ಬೆಳಿಗ್ಗೆ ಹತ್ತಕ್ಕೇ ಬರಲಿ. ಟೀಚರ್ ಮತ್ತು ತಂದೆಯ ಕಥೆ 70ನೇ ಪುಟಕ್ಕೆ ಸುಖವಾಗಿ ಮುಗಿದುಹೋಗಲಿ, ಆಮೇಲೆ ಅವರಿಬ್ಬರೂ ಬೇರೆಯವರ ಟ್ರ್ಯಾಕಿಗೆ ಸಹಾಯಕ್ಕೆ ಬರಲಿ. ಒಂದು ಕಥೆ ಬೇಗ ಮುಗಿದದ್ದು ಕಂಡಾಗ ಉಳಿದವು ಹೇಗೆ ಮುಗಿಯುತ್ತವೋ ಎಂಬ ಕುತೂಹಲ ತಾನಾಗಿ ಹುಟ್ಟುತ್ತದೆ.

ಪಾತ್ರಗಳನ್ನು ಪರಿಚಯಿಸುವ ರೀತಿಯನ್ನೂ ಬದಲಿಸಿ. ಮೊದಲ ಹನ್ನೆರಡು ಪುಟದಲ್ಲಿ ಮೂರು ದೊಡ್ಡ ಟ್ರ್ಯಾಕು, 20ರೊಳಗೆ ನಡುವಿನ ಎರಡು, 25ರೊಳಗೆ ಹುಡುಗ. 25ರ ನಂತರ ಹೊಸ ಮುಖ ಬೇಡ. ಜೋಡಿಯನ್ನು ಜೋಡಿಯಾಗಿ ಪರಿಚಯಿಸಬೇಡಿ, ಒಬ್ಬೊಬ್ಬರನ್ನಾಗಿ ತನ್ನಿ, ಅದೂ ಕೆಲಸ ಮಾಡುತ್ತಿರುವಾಗ. ತೆರೆಯ ಮೇಲೆ ಹೆಸರು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಉದ್ಯೋಗ, ಜಾಗ, ಕೈಯಲ್ಲಿರುವ ವಸ್ತು, ಮಾತಿನ ಧಾಟಿ, ಈ ನಾಲ್ಕು ಉಳಿಯುತ್ತವೆ. ತಾರಾಮುಖ ಮಾಡುವ ಕೆಲಸವನ್ನು ಬರವಣಿಗೆಯಲ್ಲಿ ಮಾಡುವವು ಇವೇ. ಕಾಗದದಲ್ಲಿ ಓದುವವರಿಗಾಗಿ ಹೆಸರುಗಳ ಮೊದಲಕ್ಷರ ಬೇರೆಬೇರೆ ಇರಲಿ. ರಮ್ಯಾ, ರಶ್ಮಿ, ರಾಹುಲ್ ಮೂವರೂ ಒಂದೇ ಸ್ಕ್ರಿಪ್ಟಿನಲ್ಲಿದ್ದರೆ ಯಾರೇ ಆದರೂ ಎಡವುತ್ತಾರೆ. ಆಮೇಲೆ ಹೆಸರುಗಳನ್ನು ಮುಚ್ಚಿ ಬರೀ ಡೈಲಾಗ್ ಓದಿ. ಮಾತಾಡುತ್ತಿರುವವರು ಯಾರೆಂದು ಗೊತ್ತಾಗದ ಕಡೆ ಗುರುತು ಹಾಕಿ.

ಒಂದೇ ದಿನದ ಕಥೆಗೆ ಗಡಿಯಾರ ಇನ್ನೊಂದು ಪಾತ್ರ. ಬೆಳಿಗ್ಗೆ ಆರರಿಂದ ಹತ್ತರವರೆಗೆ 30 ಪುಟ, ಹತ್ತರಿಂದ ನಾಲ್ಕರವರೆಗೆ 35, ನಾಲ್ಕರಿಂದ ಎಂಟರವರೆಗೆ 25, ಅಲ್ಲಿಂದ ನಡುರಾತ್ರಿಗೆ 20. ಪ್ರತಿ ಸೀನಿನ ತಲೆಬರಹದಲ್ಲಿ ಗಂಟೆ ಬರೆಯಿರಿ. ಬರೆದ ಕೂಡಲೇ ತಪ್ಪುಗಳು ಎದ್ದು ಕಾಣುತ್ತವೆ: ಊರಿನ ಈ ತುದಿಯಲ್ಲಿ 5.30ಕ್ಕೆ ಇದ್ದವನು 5.40ಕ್ಕೆ ಆ ತುದಿಯಲ್ಲಿರುತ್ತಾನೆ. ಸೂರ್ಯಾಸ್ತದ್ದು ಇನ್ನೂ ದೊಡ್ಡ ಕಟ್ಟುಪಾಡು. ನಿಮ್ಮ ಲೊಕೇಷನ್ನಿನಲ್ಲಿ ಆ ದಿನ ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ ನೋಡಿಕೊಂಡು ಒನ್‌ಲೈನಿನಲ್ಲಿ ಒಂದು ಕೆಂಪು ಗೆರೆ ಎಳೆಯಿರಿ. ಒಂದು ಟ್ರ್ಯಾಕಿನಲ್ಲಿ ಕತ್ತಲಾದ ಮೇಲೆ ಇನ್ನೊಂದರಲ್ಲಿ ಬಿಸಿಲು ಕಾಣುವಂತಿಲ್ಲ. ಹಾಗಾಗಿ ಎಡಿಟರ್‌ಗೆ ಆ ಗೆರೆಯ ಆಚೀಚೆ ಸೀನು ಸರಿಸುವ ಸ್ವಾತಂತ್ರ್ಯ ಹೋಗುತ್ತದೆ, ಇಂಥ ಸಿನಿಮಾದ ಕೊನೆಯ ರೂಪ ಕಂಡುಕೊಳ್ಳುವುದೇ ಸೀನುಗಳನ್ನು ಸರಿಸಿ ಸರಿಸಿ. ಅದಕ್ಕೊಂದು ಉಪಾಯ ಉಂಟು. ಪ್ರತಿ ದೊಡ್ಡ ಟ್ರ್ಯಾಕಿನ ಎರಡು ಮೂರು ಸೀನುಗಳನ್ನು ಕಿಟಕಿಯಿಲ್ಲದ ಒಳಾಂಗಣದಲ್ಲಿ ಇಡಿ: ಅಂಗಡಿಯ ಹೂವಿನ ಕೋಲ್ಡ್ ರೂಮ್, ಆಫೀಸಿನ ಲಿಫ್ಟು, ರೆಸ್ಟೋರೆಂಟಿನ ಅಡುಗೆಮನೆ. ಇವನ್ನು ಎಲ್ಲಿಗೆ ಬೇಕಾದರೂ ಸರಿಸಬಹುದು. ಅದೇ ರೀತಿ ಒಂದೇ ದಿನ ಅಂದರೆ ಒಂದೇ ಬಟ್ಟೆ, ಅದು ಅನುಕೂಲ; ಆದರೆ ಮಧ್ಯಾಹ್ನ ಅಂಗಿಗೆ ಕಾಫಿ ಚೆಲ್ಲಿಸಿದಿರೋ, ಅಲ್ಲಿಂದ ಮುಂದೆ ಆ ಪಾತ್ರದ ಪ್ರತಿ ಸೀನಿಗೂ ಕಂಟಿನ್ಯುಟಿಯ (ಸೀನಿಂದ ಸೀನಿಗೆ ಎಲ್ಲವೂ ಹೊಂದಬೇಕಾದ) ಬೀಗ ಬಿತ್ತು. ಕಥೆಗೆ ನಿಜವಾಗಿ ಬೇಕಿದ್ದರೆ ಮಾತ್ರ ಕಲೆ ಮಾಡಿ.

ಪ್ರತಿ ಸೀನನ್ನೂ ಪಂಚ್ ಡೈಲಾಗಿನಿಂದ ಮುಗಿಸುವ ಆಸೆ ಬಿಡಿ. 65 ಸೀನಿಗೂ ಪಂಚ್ ಇದ್ದರೆ 65 ಬಾರಿ ಸಿನಿಮಾ ನಿಂತು ಹೊರಟ ಹಾಗೆ. ಅರ್ಧದಷ್ಟನ್ನು ಪ್ರಶ್ನೆಯಲ್ಲಿ ಬಿಡಿ, ಅವುಗಳಲ್ಲಿ ಕೆಲವಕ್ಕೆ ಉತ್ತರ ಬೇರೆ ಟ್ರ್ಯಾಕಿನ ಮೊದಲ ಮಾತಿನಲ್ಲಿ ಬರಲಿ. ಇದೂ ಅತಿಯಾದರೆ ಚಮತ್ಕಾರ ಅನಿಸುತ್ತದೆ, ಇಡೀ ಸಿನಿಮಾದಲ್ಲಿ ಹತ್ತು ಕಡೆ ಸಾಕು.

ಕ್ಲೈಮ್ಯಾಕ್ಸಿಗೆ ಎಲ್ಲರನ್ನೂ ಒಂದೇ ಹಾಲಿಗೆ ತರಬೇಡಿ. ಕಥೆಗೂ ಅದು ಕೃತಕ, ಪ್ರೊಡಕ್ಷನ್ನಿಗೂ ಹೊರೆ. ಬಹುತಾರಾಗಣದ ಸಿನಿಮಾಗಳನ್ನು ಟ್ರ್ಯಾಕ್ ಪ್ರಕಾರ ಶೂಟ್ ಮಾಡುತ್ತಾರೆ, ಒಬ್ಬೊಬ್ಬ ನಟರದು ಕೆಲವೇ ದಿನದ ಕಾಲ್‌ಶೀಟ್ ಸಾಕಾಗುತ್ತದೆ, ನಿರ್ಮಾಪಕರಿಗೆ ಈ ಬಗೆಯ ಕಥೆ ಹಿಡಿಸುವುದಕ್ಕೆ ಅದೂ ಒಂದು ಕಾರಣ. ಹನ್ನೆರಡು ಜನರ ಡೇಟು ಒಂದೇ ದಿನಕ್ಕೆ ಹೊಂದಬೇಕಾದ ಸೀನು ಬರೆದರೆ ಆ ಅನುಕೂಲವನ್ನೇ ಕಳೆದಂತೆ. ಒಂದು ಕಡೆ ಮೂರು ಟ್ರ್ಯಾಕಿಗಿಂತ ಹೆಚ್ಚು ಬೇಡ. ಎರಡು ಕೂಡುಜಾಗ ಸಾಕು, ರೆಸ್ಟೋರೆಂಟು ಮತ್ತು ಹೂವಿನಂಗಡಿ.

ಮುಕ್ತಾಯಗಳ ಕ್ರಮ ಹೀಗಿರಲಿ. ಟೀಚರ್–ತಂದೆಯದು 70ರಲ್ಲೇ ಮುಗಿದಿದೆ. ಹುಡುಗನದು 92ರಲ್ಲಿ. ಉಂಗುರದ ‘ಇಲ್ಲ’ 98ರ ಹತ್ತಿರ, ಅದರ ನಂತರ ಅರ್ಧ ಪುಟ ಯಾರೂ ಮಾತಾಡದಿರಲಿ. ಆಫೀಸಿನವರು ಮತ್ತು ಮುದುಕ ಮುದುಕಿ 100–106ರ ನಡುವೆ, ಒಂದೇ ರೆಸ್ಟೋರೆಂಟಿನ ಎರಡು ಟೇಬಲ್ಲಿನಲ್ಲಿ. ಕೊನೆಗೆ ಹೂವಿನಂಗಡಿ, ಯಾಕೆಂದರೆ ಬೆಳಿಗ್ಗೆ ತಪ್ಪು ಶುರುವಾದದ್ದು ಅಲ್ಲಿ. ಅಲ್ಲಿ ಉದ್ದದ ಡೈಲಾಗ್ ಬೇಡ. ಖಾಲಿಯಾದ ಬಕೆಟ್ಟುಗಳು, ಉಳಿದ ಒಂದು ಹೂಗುಚ್ಛ, ಅದಕ್ಕೊಂದು ಸ್ಟಿಕರ್. ನಂಬರ್ 6. ಈ ಸಲ ಕೆಳಗೆ ಗೆರೆ ಎಳೆಯುವುದು ಅವನು.

ಕೆಲಸದ ಕ್ರಮ: 171 ಪುಟದ ಫೈಲನ್ನು ತೆರೆದು ಅಳಿಸುತ್ತಾ ಕೂರಬೇಡಿ. ಆರು ಬಣ್ಣದ ಕಾರ್ಡು ತಂದು ಸೀನಿಗೊಂದರಂತೆ ಬರೆದು, ಎಡಗಡೆ ಗಂಟೆ ಹಾಕಿ ಗೋಡೆಗೆ ಅಂಟಿಸಿ. ಮೂರು ಮೀಟರ್ ಹಿಂದೆ ನಿಂತು ನೋಡಿ. ಒಂದು ದೊಡ್ಡ ಟ್ರ್ಯಾಕಿನ ಬಣ್ಣ ಆರೇಳು ಕಾರ್ಡಿನವರೆಗೆ ಕಾಣದಿದ್ದರೆ ಅಲ್ಲಿ ಪ್ರೇಕ್ಷಕ ಅದನ್ನು ಮರೆಯುತ್ತಾನೆ. ಬಣ್ಣಗಳು ಸೀರೆಯಂಚಿನ ಪಟ್ಟೆಯ ಹಾಗೆ ಒಂದೇ ಕ್ರಮದಲ್ಲಿ ಮರಳಿ ಮರಳಿ ಬಂದಿದ್ದರೆ ಅದೂ ಸರಿಯಿಲ್ಲ, ಮುಂದೆ ಯಾರು ಬರುತ್ತಾರೆಂದು ಅವನಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಒಂದೊಂದು ಬಣ್ಣವನ್ನೇ ಬಿಡಿಸಿ ಕಿರುಚಿತ್ರದ ಹಾಗೆ ಓದಿ. ಬಿಡಿಯಾಗಿ ನಿಲ್ಲದ ಟ್ರ್ಯಾಕನ್ನು ಹೆಣಿಗೆ ಎತ್ತಿ ನಿಲ್ಲಿಸುವುದಿಲ್ಲ.

ಹೊಸ ಕರಡನ್ನು ಅದೇ ಮೂವರಿಗೆ ಕೊಡಬೇಡಿ, ಅವರಿಗೆ ಯಾರು ಯಾರೆಂದು ಈಗಾಗಲೇ ಗೊತ್ತು. ಕಥೆ ತಿಳಿಯದ ನಾಲ್ಕನೆಯವರಿಗೆ ಮೊದಲ 30 ಪುಟ ಮಾತ್ರ ಕೊಟ್ಟು, ಓದಿದ ಮರುದಿನ ಸ್ಕ್ರಿಪ್ಟ್ ನೋಡದೆ ಬರೆಯಲು ಹೇಳಿ: ಯಾರಿಗೆ ಇವತ್ತು ಏನಾಗಬೇಕು? ಅವರ ಪಟ್ಟಿಯಲ್ಲಿ ಇಲ್ಲದ ಪಾತ್ರದ ಮೊದಲ ಸೀನನ್ನು ಮತ್ತೆ ಬರೆಯಿರಿ.